ಚೆಂಗಾಲ್ ಮರದ ಹಡಗು, ಗಾಜಿನ ನಾರಿನ ದೋಣಿ

ಹಾಯಿದೋಣಿ ಪಂದ್ಯ ಅಂದ್ರೆ ಬಿರುಗಾಳಿ, ಮನೆಯೆತ್ತರದ ಅಲೆ ಅಂತ ನಮ್ಮ ಕಲ್ಪನೆ. ಮಲಕ್ಕಾ ಜಲಸಂಧಿಯಲ್ಲಿ ಕಥೆ ಉಲ್ಟಾ, ಇಲ್ಲಿ ಗಾಳಿಗೇ ಬರ! 1990ರಲ್ಲಿ ಶುರುವಾದ ರಾಜಾ ಮುಡಾ ಸೆಲಂಗೋರ್ ಪಂದ್ಯ ಪೋರ್ಟ್ ಕ್ಲಾಂಗಿನಿಂದ ಪೆನಾಂಗ್ ಹಾದು ಲಂಕಾವಿಗೆ ಹೋಗುತ್ತದೆ. ರಾತ್ರಿ ನೆಲದ ಕಡೆಯಿಂದ ಬೀಸುವ ಸಣ್ಣ ಗಾಳಿಯನ್ನೂ ಬಿಡುವಂತಿಲ್ಲ. ಇಂಥಲ್ಲಿ ಹಗುರ ದೋಣಿಯದ್ದೇ ಮೇಲುಗೈ.

ಹಗುರ ಮಾಡೋದು ಹೇಗೆ? ಸ್ಯಾಂಡ್‌ವಿಚ್ ಲೆಕ್ಕ. ನಡುವೆ ಗಟ್ಟಿ ನೊರೆಯ ಹಲಗೆ, ಎರಡೂ ಬದಿಗೆ ಎಪಾಕ್ಸಿಯಲ್ಲಿ ನೆನೆಸಿದ ಗಾಜಿನ ನಾರು ಅಥವಾ ಕಾರ್ಬನ್ ನಾರು. ಮೇಲೆ ಪ್ಲಾಸ್ಟಿಕ್ ಹೊದೆಸಿ ಒಳಗಿನ ಗಾಳಿ ಹೀರಿಬಿಟ್ಟರೆ ಪದರಗಳೆಲ್ಲ ಒತ್ತಿ ಕೂತು ಒಂದಾಗುತ್ತವೆ. ಎರಡು ತೆಳು ಪದರಗಳು ದೂರ ನಿಂತಷ್ಟೂ ಹಲಗೆ ಬಾಗೋದು ಕಮ್ಮಿ. ಆ ನೊರೆ ಒಂದು ಘನ ಮೀಟರಿಗೆ ಸುಮಾರು 80 ಕಿಲೋ ತೂಗಿದರೆ ಸಾಕು.

ಈಗ ಮಲೇಷ್ಯಾದ ಪೂರ್ವ ಕರಾವಳಿಗೆ ಬನ್ನಿ. ಕುವಾಲ ತೆರೆಂಗಾನು ನದೀಮುಖದಲ್ಲಿರುವ ಪುಲಾವ್ ದುಯೋಂಗ್ ದ್ವೀಪದ ಬಡಗಿಗಳದ್ದು ಚೆಂಗಾಲ್ ಮರ, ಘನ ಮೀಟರಿಗೆ 900 ಕಿಲೋ ಮೇಲೆ. ನಕ್ಷೆ ಇಲ್ಲ. ಹಲಗೆಗಳನ್ನು ಬೆಂಕಿಯಲ್ಲಿ ಬಾಗಿಸಿ, ಅಂಚಿಗೆ ಅಂಚು ಮರದ ಗೂಟ ಹೊಡೆದು ಕೂಡಿಸಿ, ಸಂದಿಗೆ ಗೆಲಾಮ್ ಮರದ ತೊಗಟೆ ಇಡುತ್ತಾರೆ. ನೀರು ಕುಡಿದ ತೊಗಟೆ ಉಬ್ಬಿ ಸಂದಿ ಮುಚ್ಚುತ್ತದೆ. ಮೊದಲು ಹೊರಮೈ, ಆಮೇಲೆ ಪಕ್ಕೆಲುಬು! ಹೊರಮೈಯೇ ಬಲ ಹೊರಬೇಕು ಅನ್ನೋ ತತ್ವ ಎರಡಕ್ಕೂ ಒಂದೇ, ನೋಡಿ.

ಭಾರವಾದ್ರೂ ಇವು ಹೋಗದ ಕಡಲಿಲ್ಲ. 1981ರಲ್ಲಿ ಇಲ್ಲಿ ಕಟ್ಟಿದ 'ನಾಗ ಪೆಲಂಗಿ' ಭೂಮಿ ಸುತ್ತಿ ಬಂತು. ಆದ್ರೆ 2005ರಲ್ಲಿ ಇದೇ ದ್ವೀಪದಲ್ಲಿ ಮಾನ್ಸೂನ್ ಕಪ್ ಶುರುವಾದಾಗ ಓಡಿದ್ದು ಫೌಂಡೇಶನ್ 36 ಎಂಬ ಫೈಬರ್ ದೋಣಿಗಳು. ಊರಿನ ಬಡಗಿಗಳ ಹಡಗಿಗೆ ಅಲ್ಲಿ ಜಾಗವಿರಲಿಲ್ಲ.

ನಡುದಾರಿಯೂ ಉಂಟು. ನಮ್ಮ ಖಾನಾಪುರದ ಕಾಡಲ್ಲಿ ಹುಟ್ಟುವ ಮಹದಾಯಿಯ ಹೆಸರಿನ ನೌಕಾಪಡೆಯ ದೋಣಿ 'ಮಾದೇಯಿ' ಗೋವಾದಲ್ಲಿ ತಯಾರಾಗಿದ್ದು 2009ರಲ್ಲಿ. 56 ಅಡಿ; ತಿರುಳು ಮರದ್ದು, ಮೇಲೆ ಗಾಜಿನ ನಾರು. ಅದರಲ್ಲೇ ದಿಲೀಪ್ ದೋಂದೆ 2009-10ರಲ್ಲಿ ಒಂಟಿಯಾಗಿ ಜಗತ್ತು ಸುತ್ತಿದರು; ಅಭಿಲಾಷ್ ಟಾಮಿ 2012-13ರಲ್ಲಿ ಒಂಟಿಯಾಗಿ, ಎಲ್ಲೂ ನಿಲ್ಲದೆ ಸುತ್ತಿದರು.

ಹಗುರ ದೋಣಿಯ ಮೇಲೆ ನನಗೇನೂ ಸಿಟ್ಟಿಲ್ಲ. ಸಣ್ಣ ಗಾಳಿಗೆ ಅದೇ ಸರಿ. ಚೆಂಗಾಲ್ ಕೂಡ ಈಗ ಸುಲಭಕ್ಕೆ ಸಿಗಲ್ಲ. ಆದ್ರೆ ಫೈಬರ್ ದೋಣಿಯ ಆಕಾರ ಅಚ್ಚಿನಲ್ಲಿ, ಕಂಪ್ಯೂಟರಿನಲ್ಲಿ ಉಳಿಯುತ್ತದೆ. ದುಯೋಂಗಿನ ಹಡಗಿನ ಆಕಾರ ಇರೋದು ಬಡಗಿಯ ಕಣ್ಣಲ್ಲಿ, ಕೈಯಲ್ಲಿ. ಕಲಿಯಲು ಪಕ್ಕದಲ್ಲಿ ಹುಡುಗನೊಬ್ಬ ನಿಲ್ಲದಿದ್ದರೆ ಅದು ಅವನ ಜೊತೆಗೇ ಹೋಗುತ್ತದೆ. ನಮ್ಮ ಕರಾವಳಿಯ ಮಂಜಿ ಕಟ್ಟುವವರ ಪಕ್ಕ ಯಾರು ನಿಂತಿದ್ದಾರೆ? ಬಲ್ಲವರು ಬರೆಯಿರಿ.