ಮಡಿಲು, ಜೋಳಿಗೆ, ತೊಟ್ಟಿಲು: ಕನ್ನಡ ನಾಡಿನ ಶಿಶುಪಾಲನೆಯ ಸಾಧನಗಳು

ಒಂದು ನಾಡಿನ ಇತಿಹಾಸವನ್ನು ಬರೆಯಹೊರಟವರು ಶಾಸನ, ನಾಣ್ಯ, ದೇವಾಲಯ, ಕಾವ್ಯಗಳನ್ನು ಆಧಾರವಾಗಿ ಹಿಡಿಯುವುದು ವಾಡಿಕೆ. ಕೂಸನ್ನು ಹೊತ್ತ ಬಟ್ಟೆಗೂ, ಅದನ್ನು ಮಲಗಿಸಿದ ತೊಟ್ಟಿಲಿಗೂ, ಅದರ ತಲೆಗೆ ಕಟ್ಟಿದ ಕುಲಾವಿಗೂ ಆ ಆಧಾರಗಳ ಸಾಲಿನಲ್ಲಿ ಸ್ಥಾನ ದೊರೆತುದು ವಿರಳ. ಇದಕ್ಕೆ ಕಾರಣವು ಕೇವಲ ಅಲಕ್ಷ್ಯವಲ್ಲ. ಹಳೆಯ ಸೀರೆ ಹರಿದು ಜೋಳಿಗೆಯಾಗುತ್ತದೆ. ಜೋಳಿಗೆ ಹರಿದು ಕೌದಿಯ ತೇಪೆಯಾಗುತ್ತದೆ. ಕೌದಿ ಸವೆದು ನೆಲ ಒರಸುವ ಅರಿವೆಯಾಗುತ್ತದೆ. ತಾನೇ ಸವೆದ ವಸ್ತುವಿನಿಂದ ಹುಟ್ಟಿ, ಮತ್ತೆ ಸವೆದು ಮಾಯವಾಗುವ ಸಾಧನವು ಪುರಾತತ್ತ್ವಜ್ಞನ ಕೈಗೆ ಸಿಕ್ಕುವುದಿಲ್ಲ. ಆದುದರಿಂದ ಇದರ ಚರಿತ್ರೆಯನ್ನು ನುಡಿ, ಆಚರಣೆ, ಕಸುಬು ಮತ್ತು ಕಾಯಿದೆ ಎಂಬ ನಾಲ್ಕು ಕಡೆಗಳಿಂದ ಆಯ್ದು ಕೂಡಿಸಬೇಕಾಗುತ್ತದೆ.

ಮೊದಲು ನುಡಿಯ ಸಾಕ್ಷ್ಯ. 'ತೊಟ್ಟಿಲು' ಎಂಬುದು ಅಚ್ಚ ದ್ರಾವಿಡ ಪದ. ತಮಿಳು, ಮಲೆಯಾಳಗಳಲ್ಲಿ 'ತೊಟ್ಟಿಲ್' ಎಂದು ಇದೇ ರೂಪದಲ್ಲಿ ನಿಂತಿದೆ. 'ಜೋಳಿಗೆ'ಯಾದರೋ ಮರಾಠಿಯ 'ಝೋಳಿ'ಯ ಒಡಹುಟ್ಟು. ಜಂಗಮನ ಹೆಗಲಿನ ಭಿಕ್ಷೆಯ ಚೀಲಕ್ಕೂ, ಬೇವಿನ ಕೊಂಬೆಗೆ ಕಟ್ಟಿದ ಕೂಸಿನ ತೂಗುಬಟ್ಟೆಗೂ ಒಂದೇ ಹೆಸರು ಸಲ್ಲುವುದು ಅರ್ಥಪೂರ್ಣವಾಗಿದೆ. ಎರಡೂ ನೆಲೆ ಬಿಟ್ಟು ನಡೆಯುವವರ ಸಾಮಗ್ರಿಗಳು. ಕೂಸಿನ ಟೊಪ್ಪಿಗೆಗೆ ಹೇಳುವ 'ಕುಲಾವಿ' ಪಾರಸಿಯ 'ಕುಲಾಹ್' ಶಬ್ದದಿಂದ ಬಂದುದು. ದ್ರಾವಿಡ ತೊಟ್ಟಿಲು, ಮರಾಠಿಯೊಡನೆ ಹಂಚಿಕೊಂಡ ಜೋಳಿಗೆ, ಪಾರಸಿಯ ಕುಲಾವಿ: ಹೀಗೆ ದಖ್ಖಣದ ಸಾವಿರ ವರ್ಷಗಳ ಕೂಡುಬಾಳ್ವೆಯು ಒಂದು ಹಸುಳೆಯ ಸುತ್ತ ಸಂಗ್ರಹವಾಗಿ ನೆರೆದಿದೆ.

'ಮಡಿಲು' ಎಂಬ ಪದವು ಇನ್ನೂ ಹೆಚ್ಚಿನ ವಿಚಾರಕ್ಕೆ ಅರ್ಹವಾದುದು. ಅದು ಕುಳಿತವಳ ತೊಡೆಯೂ ಹೌದು, ಸೀರೆಯ ಸೆರಗನ್ನು ಮಡಿಸಿ ಮಾಡಿಕೊಂಡ ಚೀಲವೂ ಹೌದು. ಆ ಚೀಲದಲ್ಲಿ ಬಿಡಿಸಿದ ಹತ್ತಿಯನ್ನು, ಕಿತ್ತ ಕಾಯಿಯನ್ನು ತುಂಬಿಕೊಳ್ಳುವುದುಂಟು. ಉತ್ತರ ಕರ್ನಾಟಕದಲ್ಲಿ ಇದೇ 'ಉಡಿ'. ಗರ್ಭಿಣಿಗೆ ಮಡಿಲು ತುಂಬುವ, ಮಗಳನ್ನು ಕಳುಹಿಸುವಾಗ ಉಡಿ ತುಂಬುವ ಆಚರಣೆಗಳಲ್ಲಿ ಬೆಳೆಯನ್ನು ಹೊರುವ ಬಟ್ಟೆಯೂ ಮಗುವನ್ನು ಹೊರುವ ಒಡಲೂ ಒಂದಾಗುತ್ತವೆ. 2007ರಲ್ಲಿ ಕರ್ನಾಟಕ ಸರ್ಕಾರವು ಸರ್ಕಾರಿ ಆಸ್ಪತ್ರೆಗಳಲ್ಲಿ ಹೆತ್ತ ಬಡ ತಾಯಂದಿರಿಗೆ ಬಾಣಂತಿ ಮತ್ತು ಶಿಶುವಿಗೆ ಬೇಕಾದ ವಸ್ತುಗಳ ಗಂಟನ್ನು ಕೊಡುವ ಯೋಜನೆಯನ್ನು ಆರಂಭಿಸಿದಾಗ ಅದಕ್ಕೆ 'ಮಡಿಲು' ಎಂದೇ ಹೆಸರಿಟ್ಟಿತು. ಈ ಪದವು ಇನ್ನೂ ಜೀವಂತವಾಗಿತ್ತೆಂಬುದಕ್ಕೆ ಬೇರೆ ಪ್ರಮಾಣ ಬೇಡ.

ಗ್ರಂಥಸ್ಥ ಸಾಹಿತ್ಯದಲ್ಲಿ ಶೈಶವವು ಎರಡು ಬಗೆಯಾಗಿ ಕಾಣಿಸಿಕೊಳ್ಳುತ್ತದೆ. ಪಂಪನ 'ಆದಿಪುರಾಣ' (941) ಮೊದಲಾದ ಜೈನಪುರಾಣಗಳಲ್ಲಿ ಶಿಶುವು ಲೋಕದ ಉತ್ಸವ. ದೇವೇಂದ್ರನೇ ಬಂದು ಜಿನಶಿಶುವಿಗೆ ಜನ್ಮಾಭಿಷೇಕ ಮಾಡುತ್ತಾನೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ 'ಮಾನಸೋಲ್ಲಾಸ'ದಲ್ಲಿ ರಾಜನು ಅನುಭವಿಸಬೇಕಾದ ಉಪಭೋಗಗಳ ಸಾಲಿನಲ್ಲಿ ಪುತ್ರೋಪಭೋಗವೂ ಒಂದೆಂದು ಎಣಿಸಲ್ಪಟ್ಟಿದೆ. ಹದಿನಾರನೆಯ ಶತಮಾನದ ಹರಿದಾಸರು ಬಾಲಕೃಷ್ಣನ ನೆವದಿಂದ ಮನೆಮಾತಿನ ಶೈಶವವನ್ನು ಹಾಡಿಗೆ ತಂದರು. ಆದರೂ ಕೂಸನ್ನು ದಿನವಿಡೀ ಹೊತ್ತವಳ ಮಾತು ಕೇಳಿಬರುವುದು ಹೆಂಗಸರ ತ್ರಿಪದಿಗಳಲ್ಲಿ. ಹಲಸಂಗಿಯ ಗೆಳೆಯರು 1931ರಲ್ಲಿ ಪ್ರಕಟಿಸಿದ 'ಗರತಿಯ ಹಾಡು' ಈ ಸಂಪತ್ತನ್ನು ಮೊದಲು ವಿದ್ವಾಂಸರ ಮುಂದಿರಿಸಿದ ಸಂಗ್ರಹಗಳಲ್ಲಿ ಪ್ರಮುಖವಾದುದು. ಇಲ್ಲಿ ನೆನಪಿಡತಕ್ಕ ಅಂಶವೊಂದುಂಟು. ಇಂಥ ತ್ರಿಪದಿಗಳಲ್ಲಿ ಬಹಳಷ್ಟು ಬೀಸುವ ಕಲ್ಲಿನ ಮುಂದೆ ಹುಟ್ಟಿದವು. ಬೀಸುವವಳ ಕೈ ಗೂಟದ ಮೇಲೆ, ಕೂಸು ಚಾಚಿದ ಕಾಲಿನ ಮೇಲೆ. ಅರಮನೆಯ ಗ್ರಂಥಕಾರನಿಗೆ ಶಿಶುವು ಉಪಭೋಗ; ಬೀಸುವವಳಿಗಾದರೋ ಅದು ಕೆಲಸದ ನಡುವಣ ಜೊತೆ.

ಈ ಕೆಲಸದ ನಡುವೆಯೇ ಕೈಯಿಂದ ಮಾಡಿದ ವಸ್ತುಗಳು ಹುಟ್ಟಿದುವು. ಹಳೆಯ ಸೀರೆ ಧೋತರಗಳ ತುಣುಕುಗಳನ್ನು ಪದರಪದರವಾಗಿ ಹಾಸಿ, ಅಂಚಿನಿಂದ ನಡುವಿಗೆ ಸುತ್ತುಸುತ್ತಾಗಿ ಓಡುಹೊಲಿಗೆ ಹಾಕಿದರೆ ಕೌದಿ. ಕೂಸಿಗೆ ಹೊಸ ಬಟ್ಟೆಗಿಂತ ಹಳೆಯದು ಹಿತವೆಂಬ ತಿಳಿವಳಿಕೆಯು ಅನುಭವದಿಂದ ಬಂದುದು. ನೂರಾರು ಸಲ ಒಗೆದ ನೂಲಿನಲ್ಲಿ ಗಂಜಿಯೂ ಒರಟೂ ಉಳಿದಿರುವುದಿಲ್ಲ, ಅದು ಬೆವರನ್ನೂ ಒದ್ದೆಯನ್ನೂ ಬೇಗ ಹೀರಿಕೊಳ್ಳುತ್ತದೆ. ಅಜ್ಜಿಯ ಸೀರೆ ಮೊಮ್ಮಗುವಿನ ಹಾಸಿಗೆಯಾಗುವಲ್ಲಿ ಮಿತವ್ಯಯವೂ ಮಮತೆಯೂ ಬೇರೆಬೇರೆಯಲ್ಲ. ಕೌದಿಯ ಹೊಲಿಗೆ ಒಬ್ಬಳ ಕೆಲಸವೂ ಅಲ್ಲ. ಬೇಸಗೆಯ ಬಿಡುವಿನಲ್ಲಿ ನೆರೆಹೊರೆಯ ಹೆಂಗಸರು ನಾಲ್ಕೂ ಅಂಚಿಗೆ ಕುಳಿತು ಅದನ್ನು ಮುಗಿಸುತ್ತಿದ್ದರು.

ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡು ಭಾಗಗಳ ಸಿದ್ದಿಯರ 'ಕವಂದಿ' ಈ ಪರಂಪರೆಯ ವಿಶಿಷ್ಟ ಶಾಖೆ. ಆಫ್ರಿಕ ಮೂಲದ ಈ ಜನಸಮುದಾಯದ ಹೆಂಗಸರು ಗಾಢವರ್ಣದ ತೇಪೆಗಳನ್ನು ಅಂಚಿನಿಂದ ಒಳಗೆ ಹೊಲಿಯುತ್ತ ಬಂದು, ನಾಲ್ಕು ಮೂಲೆಗಳಲ್ಲಿ ಮಡಿಸಿದ ಬಟ್ಟೆಯ 'ಹೂವು'ಗಳನ್ನು ಕೂಡಿಸುತ್ತಾರೆ; ಆ ಹೂವುಗಳಿಲ್ಲದೆ ಕವಂದಿ ಪೂರ್ಣವಾಗದೆಂಬುದು ಅವರ ಭಾವನೆ. ತೊಟ್ಟಿಲ ಕೂಸಿಗಾಗಿ ಮಾಡಿದ ಸಣ್ಣ ಕವಂದಿಯಲ್ಲಿ ಮಿನುಗುವ ಸಣ್ಣ ತುಣುಕುಗಳನ್ನು ಹೆಚ್ಚಾಗಿ ಕೂಡಿಸುವುದುಂಟು. ಅಗಲಿದ ನಾಡಿನ ಭಾಷೆಯನ್ನು ಬಹುಮಟ್ಟಿಗೆ ಮರೆತ ಜನಾಂಗವು ಕೈಯ ಅಭ್ಯಾಸವನ್ನು ಮಕ್ಕಳ ಹೊದಿಕೆಯಲ್ಲಿ ಉಳಿಸಿಕೊಂಡಿತೆಂಬುದು ಹೊರನಾಡಿನಲ್ಲಿ ನೆಲೆಸಿದ ಯಾವ ಸಮುದಾಯಕ್ಕಾದರೂ ಮನನೀಯವಾಗಿದೆ.

ಬಟ್ಟೆಯಿಂದ ಮರಕ್ಕೆ ಬಂದರೆ, ತೊಟ್ಟಿಲು ಮನೆತನದ ಪ್ರತಿಷ್ಠೆಯ ವಸ್ತು. ಧಾರವಾಡ ಜಿಲ್ಲೆಯ ಕಲಘಟಗಿಯ ಬಣ್ಣದ ತೊಟ್ಟಿಲುಗಳು ನಾಡಿನಲ್ಲೆಲ್ಲ ಹೆಸರಾದುವು. ಮರದ ಪಟ್ಟಿಗಳ ಮೇಲೆ ಅರಗಿನ ಬಣ್ಣದಿಂದ ರಾಮಾಯಣ, ಭಾರತ, ಕೃಷ್ಣಲೀಲೆಗಳ ಚಿತ್ರಗಳನ್ನು ಬರೆಯುವ ಈ ಕಸುಬು ಕೆಲವೇ ಚಿತ್ರಗಾರ ಮನೆತನಗಳಲ್ಲಿ ಉಳಿದು ಬಂದಿದೆ. ಚೊಚ್ಚಲ ಹೆರಿಗೆ ತವರಿನಲ್ಲಾಗುವ ಪದ್ಧತಿಯಿರುವುದರಿಂದ, ತೊಟ್ಟಿಲನ್ನು ಮಗಳಿಗೆ ಕೊಟ್ಟು ಕಳುಹಿಸುವ ಹೊಣೆಯೂ ತವರಿನದೇ. ಇಂಥ ತೊಟ್ಟಿಲು ಒಂದೇ ಕೂಸಿಗೆ ಮೀಸಲಲ್ಲ. ಅಕ್ಕನ ಮನೆಯಿಂದ ತಂಗಿಯ ಮನೆಗೆ, ಒಂದು ತಲೆಮಾರಿನಿಂದ ಮತ್ತೊಂದಕ್ಕೆ ನಡೆಯುತ್ತದೆ. ಹೆಸರಿಡುವ ದಿನ ಕೂಸನ್ನು ತೊಟ್ಟಿಲಿಗೆ ಹಾಕುವ ಮುನ್ನ ಒಳಕಲ್ಲಿನ ಗುಂಡನ್ನು ಅದರಲ್ಲಿಟ್ಟು ತೂಗುವುದು, ತೊಟ್ಟಿಲ ಕೆಳಗಿನಿಂದಲೂ ಮೇಲಿನಿಂದಲೂ ಕೂಸನ್ನು ಕೈಯಿಂದ ಕೈಗೆ ದಾಟಿಸುವುದು ಹಲವು ಕಡೆಗಳಲ್ಲಿ ಕಂಡುಬರುವ ಆಚಾರ. ಕಲ್ಲಿನಂತೆ ಕೂಸು ಗಟ್ಟಿಯಾಗಲೆಂಬ ಹಾರೈಕೆಯ ಹಿಂದೆ, ಶಿಶುಮರಣ ಸಾಮಾನ್ಯವಾಗಿದ್ದ ಕಾಲದ ಭಯವೂ ಅಡಗಿದೆ.

ಆಟಿಕೆಯ ಮಾತೂ ಇಲ್ಲಿ ಸಲ್ಲತಕ್ಕದ್ದು. ಚನ್ನಪಟ್ಟಣದ ಕಸುಬುದಾರರು ಹಗುರವಾದ ಹಾಲೆಮರವನ್ನು ಚರಕಿಯ ಮೇಲೆ ತಿರುಗಿಸಿ, ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ಉಜ್ಜಿಕೆಯ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಈ ಕಸುಬಿಗೆ ಟಿಪ್ಪು ಸುಲ್ತಾನನ ಕಾಲದಲ್ಲಿ ಪಾರಸಿಕ ಕುಶಲಿಗಳ ಸಂಪರ್ಕ ಒದಗಿತೆಂದು ಪರಂಪರೆ ಹೇಳುತ್ತದೆ. ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ವಯಸ್ಸಿನವರಿಗೆ ಚೂಪಾದ ಅಂಚಿಲ್ಲದ, ಬಣ್ಣ ಸುಲಭವಾಗಿ ಬಿಡದ ಈ ಗಿಲಕಿಯು ಎಷ್ಟು ಯೋಗ್ಯವೆಂಬುದನ್ನು ವಿವರಿಸಬೇಕಾಗಿಲ್ಲ.

ಆದರೆ ಕಲಘಟಗಿಯ ತೊಟ್ಟಿಲು ಎಲ್ಲರ ಮನೆಯ ತೊಟ್ಟಿಲಾಗಿರಲಿಲ್ಲ. ಕೂಲಿಯವಳ ತೊಟ್ಟಿಲು ಜೋಳಿಗೆ. ಹೊಲದ ಬದುವಿನ ಬೇವು ಜಾಲಿಗಳ ಕೊಂಬೆಗೆ ಸೀರೆಯ ಎರಡು ತುದಿಗಳನ್ನು ಬಿಗಿದರೆ, ಕೂಸಿನ ಭಾರಕ್ಕೆ ಬಟ್ಟೆ ತಾನೇ ಬಾಗಿ ಅದರ ಬೆನ್ನಿನ ಆಕಾರ ತಾಳುತ್ತದೆ. ಇರುವೆ ಚೇಳುಗಳಿಂದ ಎತ್ತರ, ಬಿಸಿಲಿಗೆ ಮರೆ, ಗಾಳಿಗೆ ತೂಗು. ಒಂದು ಹಗ್ಗ ಕಟ್ಟಿ ಎಳೆದರೆ ದೂರದಿಂದಲೂ ತೂಗಬಹುದು. ನಡೆಯುವಾಗ ಅದೇ ಸೀರೆ ಬೆನ್ನಿಗೋ ಸೊಂಟಕ್ಕೋ ಕೂಸನ್ನು ಕಟ್ಟಿಕೊಳ್ಳುವ ಪಟ್ಟಿಯಾಗುತ್ತದೆ. ಇದನ್ನು ಕೇವಲ ವಾತ್ಸಲ್ಯದ ಕುರುಹೆಂದು ವರ್ಣಿಸುವುದು ಅರ್ಧಸತ್ಯ. ಎರಡು ಕೈಗಳನ್ನು ಕಳೆಗೂ ಕುಡುಗೋಲಿಗೂ ಬಿಡಿಸಿಕೊಟ್ಟ, ತಾಯಿಯ ದುಡಿಮೆಯನ್ನೂ ಮೊಲೆಯುಣಿಸುವುದನ್ನೂ ಒಂದೇ ನೆಲದಲ್ಲಿ ಸಾಧ್ಯವಾಗಿಸಿದ ಉಪಕರಣವದು. ನೇಗಿಲು ರಾಟೆಗಳಂತೆ ಜೋಳಿಗೆಯೂ ದುಡಿಮೆಯ ಸಾಧನವೆಂದು ಎಣಿಸದ ಆರ್ಥಿಕ ಇತಿಹಾಸವು ಅಪೂರ್ಣ.

ಈ ಮಾತಿನ ಸತ್ಯವು ಯಂತ್ರಯುಗದಲ್ಲಿ ಕಠೋರವಾಗಿ ಪ್ರಕಟವಾಯಿತು. 1850ರ ದಶಕದಲ್ಲಿ ಮುಂಬಯಿಯಲ್ಲಿಯೂ, 1870ರ ದಶಕದಲ್ಲಿ ಕನ್ನಡಿಗರು ಬಹುಸಂಖ್ಯೆಯಲ್ಲಿದ್ದ ಸೊಲ್ಲಾಪುರದಲ್ಲಿಯೂ, 1880ರ ದಶಕದಲ್ಲಿ ಗೋಕಾಕದ ಜಲಪಾತದ ಬಳಿಯಲ್ಲಿಯೂ ಹತ್ತಿಯ ಗಿರಣಿಗಳು ತಲೆಯೆತ್ತಿದುವು. ಹೊಲದಲ್ಲಿ ಬದುವಿದ್ದಿತು, ಗಿರಣಿಯಲ್ಲಿ ಬದುವಿರಲಿಲ್ಲ. ತಿರುಗುವ ಪಟ್ಟಿ, ಹತ್ತಿಯ ಧೂಳು, ಯಂತ್ರದ ಸದ್ದುಗಳ ನಡುವೆ ಜೋಳಿಗೆಗೆ ಕೊಂಬೆ ಸಿಗಲಿಲ್ಲ. ಕೂಸು ಚಾಳಿನ ಕೋಣೆಯಲ್ಲಿ ಮುದುಕಿಯ ವಶಕ್ಕೋ ಹಿರಿಯ ಮಗುವಿನ ವಶಕ್ಕೋ ಉಳಿಯಿತು. ಅಲ್ಲಿ ತಾಯಿಯ ಮೈಯ ಬದಲು ಕೂಸನ್ನು ಸುಮ್ಮನಿರಿಸಿದುದು ಅಫೀಮು. 'ಬಾಳಾಗೋಳಿ' ಎಂದು ಮಾರುತ್ತಿದ್ದ ಅಫೀಮಿನ ಗುಳಿಗೆಯು ಅಗ್ಗವೂ ಸುಲಭವೂ ಆಗಿದ್ದಿತು. ಮುಂಬಯಿ ಸರ್ಕಾರ ನೇಮಿಸಿದ ವೈದ್ಯೆ ಬಾರ್ನ್ಸ್ ಅವರು 1922ರಲ್ಲಿ ಗಿರಣಿಯ ದುಡಿಮೆಗಾರ್ತಿಯರ ಹೆರಿಗೆಯ ಸ್ಥಿತಿಗತಿಯನ್ನು ಕುರಿತು ಸಲ್ಲಿಸಿದ ವರದಿಯಲ್ಲಿ, ಅವರ ಕೂಸುಗಳಲ್ಲಿ ನೂರಕ್ಕೆ 98ಕ್ಕೆ ಅಫೀಮು ಉಣಿಸಲಾಗುತ್ತಿತ್ತೆಂದು ದಾಖಲಿಸಿದರು. ಈ ತಾಯಂದಿರನ್ನು ಅಜ್ಞಾನಿಗಳೆಂದು ಹಳಿಯುವುದು ಸುಲಭ. ವಾಸ್ತವದಲ್ಲಿ ಅವರಿಂದ ಕಸಿಯಲ್ಪಟ್ಟುದು ಜ್ಞಾನವಲ್ಲ, ಕೂಸನ್ನು ಹತ್ತಿರದಲ್ಲಿಟ್ಟುಕೊಂಡು ದುಡಿಯುವ ಅವಕಾಶ.

ಜೋಳಿಗೆಯ ಸ್ಥಾನವನ್ನು ಕಾಯಿದೆ ತುಂಬಬೇಕಾಯಿತು. 1929ರಲ್ಲಿ ಮುಂಬಯಿ ಪ್ರಾಂತವು ಹೆರಿಗೆ ಭತ್ಯೆಯ ಕಾಯಿದೆಯನ್ನು ಜಾರಿಗೆ ತಂದಿತು. 1948ರ ಕಾರ್ಖಾನೆ ಕಾಯಿದೆಯು ಐವತ್ತಕ್ಕೂ ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಯಲ್ಲಿ ಶಿಶುಗೃಹವಿರತಕ್ಕದ್ದೆಂದು ವಿಧಿಸಿತು. 1976ರ ತಿದ್ದುಪಡಿ ಆ ಸಂಖ್ಯೆಯನ್ನು ಮೂವತ್ತಕ್ಕೆ ಇಳಿಸಿತು. ಇಲ್ಲಿಯ ವಿಪರ್ಯಾಸವು ಸ್ಪಷ್ಟ: ಸಂಖ್ಯೆ ಮಿತಿಗಿಂತ ಕಡಿಮೆಯಾದಲ್ಲಿ ಶಿಶುಗೃಹವೂ ಇಲ್ಲ. ಕಟ್ಟಡದ ಕೆಲಸವಾದರೋ ಬಹುಕಾಲ ಈ ಕಾಯಿದೆಯ ಹೊರಗೇ ಉಳಿಯಿತು. 1969ರಲ್ಲಿ ಮೀರಾ ಮಹಾದೇವನ್ ಅವರು ದಿಲ್ಲಿಯಲ್ಲಿ, ಗಾಂಧಿ ಶತಾಬ್ದಿಯ ಪ್ರದರ್ಶನಕ್ಕಾಗಿ ನಡೆಯುತ್ತಿದ್ದ ಕಟ್ಟಡ ಕೆಲಸದ ಸ್ಥಳದಲ್ಲಿ ಕೂಲಿಕಾರರ ಮಕ್ಕಳ ದುರವಸ್ಥೆಯನ್ನು ಕಂಡು 'ಮೊಬೈಲ್ ಕ್ರೆಶ್' ಸಂಸ್ಥೆಯನ್ನು ಆರಂಭಿಸಿದರು. 1972ರಲ್ಲಿ ಅದರ ಕಾರ್ಯ ಮುಂಬಯಿಗೂ ವಿಸ್ತರಿಸಿತು. ಕಟ್ಟಡ ಕಾರ್ಮಿಕರ ಶಿಶುಗೃಹಕ್ಕೆ ಕೇಂದ್ರದ ಶಾಸನ ಬಂದುದು 1996ರಲ್ಲಿ. ಬಿಜಾಪುರ, ಕಲಬುರಗಿ, ಯಾದಗಿರಿ ಸೀಮೆಗಳಿಂದ ಪುಣೆ ಮುಂಬಯಿಗಳಿಗೆ ಬರಗಾಲವನ್ನು ಬೆನ್ನಿಗಿಟ್ಟು ಬಂದ ಕನ್ನಡ ಕೂಲಿಕಾರರಿಗೆ ಈ ಇತಿಹಾಸವು ದೂರದ ಸಂಗತಿಯಲ್ಲ. ಬದುವಿನ ಬೇವಿಗೆ ಕಟ್ಟುತ್ತಿದ್ದ ಸೀರೆಯನ್ನೇ ಅವರ ಹೆಂಗಸರು ಕಟ್ಟಡದ ಕಂಬ ಕಂಬಿಗಳಿಗೆ ಕಟ್ಟಿದರು.

ಇತ್ತೀಚಿನ ದಶಕಗಳಲ್ಲಿ ಈ ಕಥೆಗೆ ಮತ್ತೊಂದು ತಿರುವು ಒದಗಿದೆ. 1978ರಲ್ಲಿ ಕೊಲಂಬಿಯದ ಬೊಗೋಟ ನಗರದಲ್ಲಿ, ಯಂತ್ರಪೆಟ್ಟಿಗೆಗಳ ಕೊರತೆಯ ಕಾರಣ, ವೈದ್ಯ ಎಡ್ಗರ್ ರೇ ಅವರು ದಿನ ತುಂಬದ ಶಿಶುಗಳನ್ನು ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಕಟ್ಟಿಡುವ ಕ್ರಮವನ್ನು ಆರಂಭಿಸಿದರು. ಶಿಶುವಿನ ಬಿಸುಪನ್ನೂ ಹಾಲೂಡಿಕೆಯನ್ನೂ ಕಾಪಾಡುವ ಈ 'ಕಾಂಗರೂ' ಪದ್ಧತಿಯನ್ನು ಅನಂತರ ವಿಶ್ವ ಆರೋಗ್ಯ ಸಂಸ್ಥೆಯೂ ಶಿಫಾರಸು ಮಾಡಿತು. ನಗರಗಳ ವಿದ್ಯಾವಂತ ದಂಪತಿಗಳು ಕೂಸನ್ನು ಎದೆಗೆ ಕಟ್ಟಿಕೊಳ್ಳುವ ಹೊಲಿದ ಪಟ್ಟಿಗಳನ್ನು ಬೆಲೆ ಕೊಟ್ಟು ಕೊಳ್ಳುತ್ತಾರೆ. ತಂದೆಯೂ ಅದನ್ನು ಕಟ್ಟಿಕೊಂಡು ನಡೆಯುವುದು ಸ್ವಾಗತಾರ್ಹವಾದ ಹೊಸತು. ಒಂದೇ ಬೀದಿಯಲ್ಲಿ ಒಬ್ಬಳು ಆರಿಸಿಕೊಂಡು ಕೂಸನ್ನು ಕಟ್ಟಿಕೊಂಡಿದ್ದಾಳೆ, ಇನ್ನೊಬ್ಬಳು ಬೇರೆ ದಾರಿಯಿಲ್ಲದೆ ಕಟ್ಟಿಕೊಂಡಿದ್ದಾಳೆ. ಬಟ್ಟೆಯ ಗಂಟು ಒಂದೇ ಬಗೆಯದಾದರೂ ಅದರ ಹಿಂದಿನ ಸ್ವಾತಂತ್ರ್ಯ ಒಂದೇ ಅಲ್ಲವೆಂಬುದನ್ನು ಇತಿಹಾಸಕಾರನು ಮರೆಯಕೂಡದು.

ಒಟ್ಟಿನಲ್ಲಿ, ಕೂಸನ್ನು ಹೊತ್ತ ಬಟ್ಟೆಯ ಚರಿತ್ರೆಯೆಂದರೆ ತಾಯಿಯ ದುಡಿಮೆಯ ಚರಿತ್ರೆ. ಅದರ ಆಕರಗಳು ವಸ್ತುಸಂಗ್ರಹಾಲಯಗಳಲ್ಲಿ ಇರುವುದು ಅಲ್ಪ. ಹೆಚ್ಚಿನವು ಹೊರನಾಡ ಕನ್ನಡಿಗರ ಮನೆಗಳ ಟ್ರಂಕುಗಳಲ್ಲಿ, ಊರಿನಿಂದ ಬರುವಾಗ ಮಡಿಚಿ ತಂದ ಕೌದಿಯಾಗಿ, ಬಣ್ಣ ಮಾಸಿದ ಕುಲಾವಿಯಾಗಿ ಉಳಿದಿವೆ. ಯಾರ ಸೀರೆ, ಯಾರ ಹೊಲಿಗೆ, ಯಾವ ಊರು, ಯಾವ ವರ್ಷ ಎಂಬಿಷ್ಟನ್ನು ಒಂದು ಚೀಟಿಯಲ್ಲಿ ಬರೆದು ಅವುಗಳೊಡನೆ ಇರಿಸಿದರೆ, ಶಾಸನಗಳು ಹೇಳದ ಸಂಗತಿಗಳನ್ನು ಮುಂದಿನ ಸಂಶೋಧಕನಿಗೆ ಅವು ಹೇಳಬಲ್ಲವು. ಆ ಹೊಲಿಗೆಯನ್ನು ನೆನಪಿನಲ್ಲಿಟ್ಟುಕೊಂಡ ಹಿರಿಯ ಹೆಂಗಸರು ಇರುವಾಗಲೇ ಈ ಕೆಲಸ ನಡೆಯತಕ್ಕದ್ದು.