ಸೋಲಿಗರ ಪೋಡು ಮುಂದಾಳತ್ವ

ಯಳಂದೂರಿನ ಬಿಳಿಗಿರಿರಂಗನ ಬೆಟ್ಟ, ಕೊಳ್ಳೇಗಾಲ ಮತ್ತು ಹನೂರು ಸೀಮೆಯ ಕಾಡುಗಳ ಸೋಲಿಗ ಬುಡಕಟ್ಟಿನವರದು ಕಾಡನ್ನು ನೋಡುತ್ತ, ಕೂಡಿ ಕೂತು ತೀರ್ಮಾನಿಸುವ ರೂಢಿ. ಸೋಲಿಗರ ಊರಿಗೆ ಪೋಡು ಎಂದು ಹೆಸರು. ಅದರ ಹಿರಿಯನೇ ಯಜಮಾನ. ಇಲ್ಲಿ ಮುಂದಾಳುತನಕ್ಕೆ ಕಾಡಿನ ಅರಿವೇ ಆಧಾರ. ಉದಾಹರಣೆಗೆ, ಬೇಸಿಗೆಯ ಮೊದಲಲ್ಲಿ ಒಣ ತರಗೆಲೆಗೆ ಹಾಕುತ್ತಿದ್ದ ತರಗುಬೆಂಕಿ ನೆಲ್ಲಿಮರದ ಬಂದಳಿಕೆಯನ್ನು ಹತೋಟಿಯಲ್ಲಿಡುತ್ತಿತ್ತು. ಬೆಂಕಿ ನಿಂತ ಮೇಲೆ ಬಂದಳಿಕೆಯೂ ಲಂಟಾನ ಕಳೆಯೂ ಹಬ್ಬಿದವೆಂದು ಹಿರಿಯರು ಹೇಳುತ್ತಾರೆ. ಈ ಮಾತನ್ನು ವಿಜ್ಞಾನಿಗಳು ಗಂಭೀರವಾಗಿ ಪರಿಗಣಿಸಿದ್ದು ತಡವಾಗಿ. ಏಟ್ರೀ ಸಂಸ್ಥೆಯ ಸಂಶೋಧಕರು ಸೋಲಿಗರೊಡನೆ ಸೇರಿ ನೆಲ್ಲಿ, ಜೇನಿನ ಇಳುವರಿಯನ್ನು ಅಂದಾಜಿಸಿದರು. 1981ರಲ್ಲಿ ಡಾ. ಎಚ್. ಸುದರ್ಶನ್ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗರ ಸಂಘಟನೆಗೆ ಬಲ ಕೊಟ್ಟಿತು. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಬಿಳಿಗಿರಿರಂಗನ ಬೆಟ್ಟದ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ದೊರೆತದ್ದು 2011ರಲ್ಲಿ. ಆ ಕಾಡು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದದ್ದೂ ಅದೇ ವರ್ಷ.