ಡಾಕ್ಟರ್ ಹೂ: ಮರಳಿ ಬರಬೇಕೆ? ಬಂದರೆ ಹೇಗೆ?

2025ರ ಮೇ 31ರ ಶನಿವಾರ ಬ್ರಿಟನ್ನಿನ ಬಿಬಿಸಿ ವಾಹಿನಿಯಲ್ಲಿ ‘ಡಾಕ್ಟರ್ ಹೂ’ ಎಂಬ ವಿಜ್ಞಾನ ಧಾರಾವಾಹಿಯ ಒಂದು ಸರಣಿ ಮುಗಿಯಿತು. ನಾಯಕನ ಪಾತ್ರದಲ್ಲಿದ್ದ ಶೂಟಿ ಗಾಟ್ವಾ ಅಂದೇ ನಿರ್ಗಮಿಸಿದರು. ಮುಂದಿನ ಸರಣಿ ಯಾವಾಗ ಎಂಬ ಮಾತು ಮಾತ್ರ ಬರಲಿಲ್ಲ. ಈ ಧಾರಾವಾಹಿಗೆ ಪಾಲು ಬಂಡವಾಳ ಹಾಕಿ, ಹೊರದೇಶಗಳಲ್ಲಿ ಅದನ್ನು ತೋರಿಸುತ್ತಿದ್ದ ಅಮೆರಿಕದ ಡಿಸ್ನಿ ಸಂಸ್ಥೆ ಮುಂದುವರಿಯುವುದಿಲ್ಲ ಎಂದು ಅದೇ ವರ್ಷದ ಅಕ್ಟೋಬರ್‌ನಲ್ಲಿ ಬಿಬಿಸಿ ಪ್ರಕಟಿಸಿತು. 2026ರ ಕ್ರಿಸ್‌ಮಸ್‌ಗೆ ಒಂದು ವಿಶೇಷ ಕಂತು ಬರಲಿದೆ, ಆಮೇಲಿನ ಸರಣಿಯ ವಿಚಾರ ಮುಂದೆ ತಿಳಿಸಲಾಗುವುದು ಎಂದಿತು.

ಒಂದು ಧಾರಾವಾಹಿ ನಿಂತರೇನು, ನಡೆದರೇನು ಎಂದು ಯಾರಾದರೂ ಕೇಳಬಹುದು. ಆದರೆ ಇದು ಅರವತ್ತು ವರ್ಷ ದಾಟಿದ ಧಾರಾವಾಹಿ. ಅಜ್ಜ ನೋಡಿ ಹೆದರಿದ್ದನ್ನು ಮೊಮ್ಮಗಳೂ ನೋಡಿ ಹೆದರಿದ್ದಾಳೆ. ಬ್ರಿಟನ್ನಿನ ಮನೆಮನೆಯವರು ವರ್ಷಾವರ್ಷ ಕಟ್ಟುವ ಪರವಾನಗಿ ಶುಲ್ಕದಿಂದ ಬೆಳೆದದ್ದು. ಇಂಥ ಕಾರ್ಯಕ್ರಮ ಮತ್ತೆ ಬರಬೇಕೆ ಎಂಬ ಪ್ರಶ್ನೆ ಹಿಂದೆಯೂ ಎದ್ದಿತ್ತು. ಒಮ್ಮೆ ಉತ್ತರ ತಪ್ಪಿತು, ಒಮ್ಮೆ ಸರಿಯಾಯಿತು. ಆ ಚರಿತ್ರೆಯನ್ನು ತಿಳಿದರೆ ಈಗಿನ ಪ್ರಶ್ನೆಗೂ ಉತ್ತರ ಸಿಕ್ಕೀತು.

ಶನಿವಾರದ ಸಂಜೆಗೊಂದು ಕಥೆ

1960ರ ದಶಕದ ಆರಂಭ. ಬಿಬಿಸಿಯ ಶನಿವಾರದ ಕಾರ್ಯಕ್ರಮಗಳಲ್ಲಿ ಒಂದು ತೊಡಕಿತ್ತು. ಮಧ್ಯಾಹ್ನವೆಲ್ಲ ಕ್ರೀಡೆ. ಸಂಜೆ ಹರೆಯದವರ ಹಾಡಿನ ಕಾರ್ಯಕ್ರಮ. ನಡುವಿನ ಹೊತ್ತಿನಲ್ಲಿ ಅಪ್ಪನೂ ಏಳಬಾರದು, ಮಕ್ಕಳೂ ಓಡಬಾರದು, ಅಂಥದೊಂದು ಬೇಕಿತ್ತು. ಆಗ ನಾಟಕ ವಿಭಾಗದ ಮುಖ್ಯಸ್ಥರಾಗಿ ಬಂದಿದ್ದವರು ಕೆನಡಾದ ಸಿಡ್ನಿ ನ್ಯೂಮನ್. ಕಾಲದಲ್ಲಿ ಹಿಂದಕ್ಕೂ ಮುಂದಕ್ಕೂ ಸಂಚರಿಸುವ ಒಬ್ಬ ಮುದುಕನ ಕಥೆ ಮಾಡೋಣ ಎಂದವರು ಅವರು. ಹಿಂದಕ್ಕೆ ಹೋದರೆ ಚರಿತ್ರೆಯ ಪಾಠ, ಮುಂದಕ್ಕೆ ಹೋದರೆ ವಿಜ್ಞಾನದ ಪಾಠ ಎಂಬುದು ಅವರ ಲೆಕ್ಕ. ಮುದುಕನ ಮೊದಲ ಸಹಯಾತ್ರಿಗಳಲ್ಲಿ ಇಬ್ಬರು ಶಾಲಾ ಶಿಕ್ಷಕರಾದದ್ದು ಅದಕ್ಕಾಗಿಯೇ. ಒಬ್ಬ ವಿಜ್ಞಾನದವನು, ಇನ್ನೊಬ್ಬಳು ಚರಿತ್ರೆಯವಳು.

ನಿರ್ಮಾಣದ ಹೊಣೆ ಹೊತ್ತವರು ವೆರಿಟಿ ಲ್ಯಾಂಬರ್ಟ್. ವಯಸ್ಸು 27. ಬಿಬಿಸಿಯ ನಾಟಕ ವಿಭಾಗದಲ್ಲಿ ಆಗ ಬೇರೆ ಮಹಿಳಾ ನಿರ್ಮಾಪಕರೇ ಇರಲಿಲ್ಲ. ಮೊದಲ ಕಥೆಯನ್ನು ನಿರ್ದೇಶಿಸಿದವರು ವಾರಿಸ್ ಹುಸೇನ್. ಇವರು ಹುಟ್ಟಿದ್ದು ನಮ್ಮ ಲಖನೌದಲ್ಲಿ, 1938ರಲ್ಲಿ. ತಾಯಿ ಇಂಗ್ಲಿಷಿನಲ್ಲಿ ಬರೆಯುತ್ತಿದ್ದ ಪ್ರಸಿದ್ಧ ಕಾದಂಬರಿಗಾರ್ತಿ ಅತಿಯಾ ಹುಸೇನ್. ಹೀಗೆ ಬ್ರಿಟಿಷರು ಇಂದು ತಮ್ಮ ಮನೆಯ ಆಸ್ತಿ ಎಂದುಕೊಳ್ಳುವ ಧಾರಾವಾಹಿಯನ್ನು ಕಲ್ಪಿಸಿದವರು ಕೆನಡಾದವರು, ಮೊದಲು ತೆರೆಗೆ ತಂದವರಲ್ಲೊಬ್ಬರು ಭಾರತದಲ್ಲಿ ಹುಟ್ಟಿದವರು.

ಮೊದಲ ಕಂತು ಪ್ರಸಾರವಾದದ್ದು 1963ರ ನವೆಂಬರ್ 23ರಂದು. ಅದರ ಹಿಂದಿನ ದಿನವೇ ಅಮೆರಿಕದ ಅಧ್ಯಕ್ಷ ಕೆನೆಡಿಯವರ ಹತ್ಯೆಯಾಗಿತ್ತು. ಆ ಸುದ್ದಿಯ ನಡುವೆ ಹೊಸ ಧಾರಾವಾಹಿಯ ಕಡೆ ಎಷ್ಟು ಜನರ ಲಕ್ಷ್ಯ ಹೋದೀತು? ಮುಂದಿನ ವಾರ ಎರಡನೇ ಕಂತಿಗೆ ಮುಂಚೆ ಮೊದಲನೆಯದನ್ನು ಮತ್ತೊಮ್ಮೆ ತೋರಿಸಬೇಕಾಯಿತು.

ಕಥೆಯ ಹೂರಣ ಇಷ್ಟು: ‘ಡಾಕ್ಟರ್’ ಎಂದಷ್ಟೇ ಕರೆಸಿಕೊಳ್ಳುವ ಒಬ್ಬ ಅನ್ಯಲೋಕದವನು. ಅವನ ನಿಜನಾಮ ಯಾರಿಗೂ ಗೊತ್ತಿಲ್ಲ. ‘ಡಾಕ್ಟರ್ ಯಾರು?’ ಎಂಬ ಪ್ರಶ್ನೆಯೇ ಧಾರಾವಾಹಿಯ ಹೆಸರು. ಅವನ ವಾಹನ ಟಾರ್ಡಿಸ್, ನೋಡಲು ನೀಲಿ ಬಣ್ಣದ ಪೊಲೀಸ್ ಪೆಟ್ಟಿಗೆ. ಪೊಲೀಸರಿಗೆ ಫೋನ್ ಮಾಡಲೆಂದು ಆಗ ಬ್ರಿಟನ್ನಿನ ಬೀದಿಗಳಲ್ಲಿ ಇಂಥ ಮರದ ಅಥವಾ ಕಾಂಕ್ರೀಟಿನ ಗೂಡುಗಳಿದ್ದವು. ಹೊರಗಿನಿಂದ ಒಬ್ಬರು ನಿಲ್ಲುವಷ್ಟು ಚಿಕ್ಕದು, ಒಳಗೆ ಹೊಕ್ಕರೆ ಅರಮನೆಯಷ್ಟು ವಿಶಾಲ. ಹಣವಿಲ್ಲದ ಕಾರ್ಯಕ್ರಮಕ್ಕೆ ಇದಕ್ಕಿಂತ ಅಗ್ಗದ ಆಕಾಶನೌಕೆ ಇನ್ನೊಂದಿರಲಿಲ್ಲ.

ಗುಡ್ಡೆಗಣ್ಣಿನ ರಾಕ್ಷಸರು ಬೇಡವೇ ಬೇಡ ಎಂದು ನ್ಯೂಮನ್ ಕಟ್ಟುನಿಟ್ಟಾಗಿ ಹೇಳಿದ್ದರು. ಆದರೆ ಡಿಸೆಂಬರ್‌ನಲ್ಲಿ ಶುರುವಾದ ಎರಡನೇ ಕಥೆಯಲ್ಲೇ ಡಾಲೆಕ್‌ಗಳು ಬಂದವು. ಲೋಹದ ಕವಚದೊಳಗೆ ಕುಳಿತು, ಕರ್ಕಶ ದನಿಯಲ್ಲಿ ಕೊಲೆಯ ಆಜ್ಞೆ ಹೊರಡಿಸುವ ಜೀವಿಗಳು. ಬರೆದವರು ಟೆರಿ ನೇಶನ್, ರೂಪ ಕೊಟ್ಟವರು ರೇಮಂಡ್ ಕ್ಯೂಸಿಕ್. ನ್ಯೂಮನ್‌ಗೆ ಸಿಟ್ಟು ಬಂತು. ಮಕ್ಕಳಿಗೆ ಮಾತ್ರ ಹುಚ್ಚು ಹಿಡಿಯಿತು. ಸುಮಾರು 44 ಲಕ್ಷ ವೀಕ್ಷಕರಿಂದ ಆರಂಭವಾದ ಧಾರಾವಾಹಿ ಆ ಕಥೆ ಮುಗಿಯುವ ಹೊತ್ತಿಗೆ ಒಂದು ಕೋಟಿ ದಾಟಿತು.

ಮುಖ ಬದಲಿಸುವ ಉಪಾಯ

1966ರಲ್ಲಿ ನಾಯಕ ನಟ ವಿಲಿಯಂ ಹಾರ್ಟ್‌ನೆಲ್ ಅವರ ಆರೋಗ್ಯ ಕೆಟ್ಟಿತು. ಬೇರೆ ಧಾರಾವಾಹಿಯಾಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಇಲ್ಲಿ ನಾಯಕ ಅನ್ಯಲೋಕದವನಾದ್ದರಿಂದ ಒಂದು ಉಪಾಯ ಹೊಳೆಯಿತು. ದೇಹ ಸವೆದಾಗ ಅವನು ಹೊಸ ದೇಹ ತಳೆಯುತ್ತಾನೆ. ನಮ್ಮ ಕಥೆಗಳ ಪರಕಾಯ ಪ್ರವೇಶದಂತೆ ಬೇರೊಬ್ಬರ ಶರೀರ ಹೊಗುವುದಲ್ಲ. ತನ್ನದೇ ಶರೀರ ಕರಗಿ ಇನ್ನೊಂದಾಗುವುದು. ನೆನಪು ಹಳೆಯದು, ಮುಖ ಮತ್ತು ಸ್ವಭಾವ ಹೊಸದು. ಆ ಅಕ್ಟೋಬರ್‌ನಲ್ಲಿ ಹಾರ್ಟ್‌ನೆಲ್ ನೆಲಕ್ಕೆ ಬಿದ್ದರು, ಪ್ಯಾಟ್ರಿಕ್ ಟ್ರೌಟನ್ ಎದ್ದರು. ಆಮೇಲೆ ಜಾನ್ ಪರ್ಟ್ವೀ, ಟಾಮ್ ಬೇಕರ್, ಇನ್ನೂ ಹಲವರು. ನಟನ ಕಾಯಿಲೆಯಿಂದ ಹುಟ್ಟಿದ ಈ ಉಪಾಯವೇ ಧಾರಾವಾಹಿಯ ದೀರ್ಘಾಯುಷ್ಯದ ಗುಟ್ಟು. ತನ್ನನ್ನು ತಾನು ಹೊಸದಾಗಿಸಿಕೊಳ್ಳುವುದು ಅದರ ಕಥೆಯೊಳಗೇ ಸೇರಿಕೊಂಡಿತು.

ಬಿಬಿಸಿ ತನ್ನ ಈ ಕೂಸನ್ನು ಸದಾ ಅಕ್ಕರೆಯಿಂದ ನೋಡಿಕೊಂಡಿತು ಎನ್ನುವಂತಿಲ್ಲ. ವಿಡಿಯೊ ಟೇಪು ದುಬಾರಿಯಾಗಿದ್ದ ಕಾಲದಲ್ಲಿ ಹಳೆಯ ಕಂತುಗಳನ್ನು ಅಳಿಸಿ ಅದೇ ಟೇಪಿನ ಮೇಲೆ ಬೇರೆ ಕಾರ್ಯಕ್ರಮ ತುಂಬಿಸಲಾಯಿತು. ಹೊರದೇಶಗಳಿಗೆ ಮಾರಲು ತೆಗೆದಿದ್ದ ಫಿಲ್ಮ್ ಪ್ರತಿಗಳನ್ನೂ ಎಸೆಯಲಾಯಿತು. ಮೊದಲ ಆರು ವರ್ಷಗಳ ಸುಮಾರು ನೂರು ಕಂತುಗಳ ಚಿತ್ರ ಹೀಗೆ ಕಳೆದುಹೋಯಿತು. 1992ರಲ್ಲಿ ಹಾಂಗ್‌ಕಾಂಗ್‌ನಿಂದ ಬಂದ ಒಂದಿಡೀ ಕಥೆ, 2013ರಲ್ಲಿ ನೈಜೀರಿಯಾದಿಂದ ಬಂದ ಒಂಬತ್ತು ಕಂತುಗಳು, ಹೀಗೆ ಕೆಲವು ಆಗಾಗ ಮರಳಿ ದೊರೆತಿವೆ. ಆದರೆ ಕಳೆದುಹೋದ ಎಲ್ಲ ಕಂತುಗಳ ಧ್ವನಿಯೂ ಉಳಿದಿದೆ. ಉಳಿಸಿದವರು ಬಿಬಿಸಿಯವರಲ್ಲ, ಮನೆಯಲ್ಲಿ ಟಿ.ವಿ. ಮುಂದೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕುಳಿತಿದ್ದ ವೀಕ್ಷಕರು.

ಹದಿನಾರು ವರ್ಷದ ವನವಾಸ

1985ರಲ್ಲಿ ಬಿಬಿಸಿ-1 ವಾಹಿನಿಯ ನಿಯಂತ್ರಕ ಮೈಕೇಲ್ ಗ್ರೇಡ್ ಧಾರಾವಾಹಿಯನ್ನು ಹದಿನೆಂಟು ತಿಂಗಳ ಕಾಲ ನಿಲ್ಲಿಸಿದರು. ಮರಳಿ ಬಂದಾಗ ಅದರ ಕಸುವು ಕುಗ್ಗಿತ್ತು. ಎದುರಾಳಿ ವಾಹಿನಿಯ ಅತಿ ಜನಪ್ರಿಯ ಧಾರಾವಾಹಿ ‘ಕಾರೊನೇಶನ್ ಸ್ಟ್ರೀಟ್’ ಬರುವ ಹೊತ್ತಿಗೇ ಇದನ್ನೂ ಹಾಕಲಾಯಿತು. ವೀಕ್ಷಕರು ಕಡಿಮೆಯಾದರು, ಕಡಿಮೆಯಾದುದನ್ನೇ ಕಾರಣ ಮಾಡಿಕೊಂಡದ್ದಾಯಿತು. 1989ರ ಡಿಸೆಂಬರ್ 6ರಂದು, 26 ವರ್ಷಗಳ ನಂತರ, ಕೊನೆಯ ಕಂತು ಬಂತು. ‘ಮುಗಿಯಿತು’ ಎಂದು ಬಿಬಿಸಿ ಬಾಯಿಬಿಟ್ಟು ಹೇಳಲಿಲ್ಲ. ಮುಂದಿನ ಸರಣಿಗೆ ಆದೇಶ ಕೊಡಲಿಲ್ಲ, ಅಷ್ಟೆ.

ನಿಂತದ್ದು ಪ್ರಸಾರ ಮಾತ್ರ, ಕಥೆ ನಿಲ್ಲಲಿಲ್ಲ. 1991ರಿಂದ ಡಾಕ್ಟರನ ಹೊಸ ಕಾದಂಬರಿಗಳು ಬಂದವು. 1999ರಿಂದ ಹಳೆಯ ನಟರದೇ ಧ್ವನಿಯಲ್ಲಿ ಶ್ರವ್ಯ ನಾಟಕಗಳು ಬಂದವು. ಇವನ್ನು ಬರೆದವರಲ್ಲಿ ಹಲವರು ಧಾರಾವಾಹಿ ನೋಡುತ್ತಲೇ ಬೆಳೆದ ತರುಣರು. ಈ ತಲೆಮಾರಿಗೆ ವನವಾಸದ ವರ್ಷಗಳು ಗರಡಿಮನೆಯಾದವು.

1996ರಲ್ಲಿ ಮರಳಿ ಬರುವ ಮೊದಲ ಪ್ರಯತ್ನ ನಡೆಯಿತು. ಅಮೆರಿಕದ ಫಾಕ್ಸ್ ಜಾಲದ ಸಹಭಾಗಿತ್ವದಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಒಂದು ಟಿ.ವಿ. ಚಿತ್ರ ತಯಾರಾಯಿತು. ನಾಯಕ ಪಾಲ್ ಮೆಕ್‌ಗ್ಯಾನ್ ಸೊಗಸಾಗಿ ಅಭಿನಯಿಸಿದರು. ಬ್ರಿಟನ್ನಿನಲ್ಲಿ 90 ಲಕ್ಷ ಜನ ನೋಡಿದರು. ಆದರೆ ಅಮೆರಿಕದಲ್ಲಿ ನೋಡಿದವರು ಸಾಲದಾಗಿ ಸರಣಿ ಹುಟ್ಟಲಿಲ್ಲ. ಚಿತ್ರವನ್ನು ಈಗ ನೋಡಿದರೆ ಕೊರತೆ ಕಾಣುತ್ತದೆ. ಆರಂಭದಲ್ಲೇ ಡಾಲೆಕ್‌ಗಳ ಪ್ರಸ್ತಾಪ, ಡಾಕ್ಟರನ ಹಳೆಯ ವೈರಿಯ ಬೂದಿ, ಹಳೆಯ ನಟ, ಅವನ ಸಾವು, ಹೊಸ ನಟ. ಡಾಕ್ಟರ್ ಯಾರೆಂದೇ ತಿಳಿಯದವರಿಗೆ ಅವನು ಬದಲಾದದ್ದೂ ತಿಳಿಯಲಾರದು. ಮನೆಗೆ ಬಂದ ಹೊಸ ಅತಿಥಿಯನ್ನು ಕೂರಿಸಿ, ನೀರು ಕೊಡುವ ಮುಂಚೆಯೇ ವಂಶಾವಳಿ ಓದಿದ ಹಾಗಾಯಿತು.

2005ರ ಪಾಠ

2003ರ ಸೆಪ್ಟೆಂಬರ್‌ನಲ್ಲಿ ಬಿಬಿಸಿ ಧಾರಾವಾಹಿಯನ್ನು ಮರಳಿ ತರುವುದಾಗಿ ಸಾರಿತು. ಹೊಣೆ ರಸೆಲ್ ಟಿ. ಡೇವಿಸ್ ಅವರದು. ಅವರೂ 1996ರಲ್ಲಿ ಡಾಕ್ಟರನ ಒಂದು ಕಾದಂಬರಿ ಬರೆದಿದ್ದವರೇ. ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ನೋಡುವ ಕಾಲ ಹೋಯಿತು ಎಂಬ ಮಾತು ಆಗ ಟಿ.ವಿ. ವಲಯದಲ್ಲಿ ಬಲವಾಗಿತ್ತು. ಡೇವಿಸ್ ಅದನ್ನು ನಂಬಲಿಲ್ಲ.

2005ರ ಮಾರ್ಚ್ 26ರಂದು ಬಂದ ಮೊದಲ ಕಂತಿನ ಹೆಸರು ‘ರೋಸ್’. ಅದು ತೆರೆದುಕೊಳ್ಳುವುದು ಡಾಕ್ಟರನ ಮೇಲಲ್ಲ, ಲಂಡನ್ನಿನ ಒಂದು ಅಂಗಡಿಯಲ್ಲಿ ಕೆಲಸ ಮಾಡುವ ಹತ್ತೊಂಬತ್ತರ ಹುಡುಗಿಯ ಮೇಲೆ. ಅವಳಿಗೇನೂ ಗೊತ್ತಿಲ್ಲ. ಹೊಸ ವೀಕ್ಷಕರಿಗೂ ಗೊತ್ತಿಲ್ಲ. ಅವಳು ಕೇಳಿದ ಹಾಗೆ, ಅವಳು ತಿಳಿದ ಹಾಗೆ ನಾವೂ ತಿಳಿಯುತ್ತ ಹೋಗುತ್ತೇವೆ. ಡಾಲೆಕ್‌ಗಳು ಬರಲು ಆರನೇ ಕಂತಿನವರೆಗೆ ಕಾಯಬೇಕಾಯಿತು. ಆ ರಾತ್ರಿ ನೋಡಿದವರು ಒಂದು ಕೋಟಿಗೂ ಹೆಚ್ಚು. ತಯಾರಿಯನ್ನು ವೇಲ್ಸ್‌ನ ಕಾರ್ಡಿಫ್‌ಗೆ ವಹಿಸಿದ್ದರಿಂದ ಆ ನಗರದಲ್ಲಿ ಟಿ.ವಿ. ಉದ್ಯಮವೇ ಬೆಳೆಯಿತು. ಬಾಲ್ಯದಿಂದ ಡಾಕ್ಟರನ ಅಭಿಮಾನಿಯಾಗಿದ್ದ ಡೇವಿಡ್ ಟೆನೆಂಟ್ ಮುಂದೆ ಡಾಕ್ಟರ್ ಆದರು. ಹುಡುಗನಾಗಿದ್ದಾಗ ಬಿಬಿಸಿಯ ವಾರಪತ್ರಿಕೆಗೆ ಈ ಧಾರಾವಾಹಿಯ ಬಗ್ಗೆ ಪತ್ರ ಬರೆದಿದ್ದ ಪೀಟರ್ ಕಪಾಲ್ಡಿ ಸಹ ಡಾಕ್ಟರ್ ಆದರು.

ಅಮೆರಿಕದ ‘ಸ್ಟಾರ್ ಟ್ರೆಕ್’ ಕಥೆಯೂ ಇದನ್ನೇ ಹೇಳುತ್ತದೆ. ಮೂರು ವರ್ಷ, 79 ಕಂತು ನಡೆದು 1969ರಲ್ಲಿ ನಿಂತ ಅದು ಮರುಪ್ರಸಾರಗಳಿಂದಲೇ ಜನರ ಮನಸ್ಸಿನಲ್ಲಿ ಉಳಿಯಿತು. 1987ರಲ್ಲಿ ಹೊಸ ಸರಣಿಯಾಗಿ ಕಿರುತೆರೆಗೆ ಬಂದಾಗ ಹಳೆಯ ನಾಯಕರನ್ನು ಹೊತ್ತು ತರಲಿಲ್ಲ. ಹೊಸ ನೌಕೆ, ಹೊಸ ಸಿಬ್ಬಂದಿ, ಸುಮಾರು ನೂರು ವರ್ಷ ಮುಂದಿನ ಕಾಲ. ಅದು ಏಳು ವರ್ಷ ನಡೆಯಿತು.

ಈಗೇನು?

ಡಿಸ್ನಿ ಹಣದಲ್ಲಿ ಬಂದ ಕೊನೆಯ ಎರಡು ಸರಣಿಗಳನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ದೃಶ್ಯವೈಭವಕ್ಕೆ ಕೊರತೆಯಿರಲಿಲ್ಲ. ಆದರೆ 2024ರ ಸರಣಿಯ ಕೊನೆಯ ಖಳ 1975ರ ಕಥೆಯಿಂದ ಬಂದವನು. 2025ರ ಸರಣಿಯ ಕೊನೆಗೆ ಬಂದ ಇಬ್ಬರಲ್ಲಿ ಒಬ್ಬಳು 1985ರವಳು, ಇನ್ನೊಬ್ಬ 1970ರ ದಶಕದವನು. ಹತ್ತು ವರ್ಷದ ಮಗುವಿಗೆ ಈ ಹೆಸರುಗಳಿಂದ ಏನಾಗಬೇಕು? ಸಾಲದ್ದಕ್ಕೆ 2024ರಲ್ಲಿ ಹೊಸ ಕಂತುಗಳು ಶನಿವಾರ ಸಂಜೆಗೆ ಮುಂಚೆ, ಬ್ರಿಟನ್ನಿನ ನಡುರಾತ್ರಿಗೇ, ಅಂತರ್ಜಾಲದಲ್ಲಿ ಬಂದುಬಿಡುತ್ತಿದ್ದವು. ಮಕ್ಕಳು ಮಲಗಿರುವ ಹೊತ್ತು ಅದು. ಯಾವ ಸಂಜೆಗಾಗಿ ಈ ಧಾರಾವಾಹಿ ಹುಟ್ಟಿತೋ ಆ ಸಂಜೆಗೆ ಹೊಸತನವೇ ಉಳಿಯಲಿಲ್ಲ.

ಹಾಗಾದರೆ ಮುಗಿಸಿಬಿಡಬಹುದಲ್ಲ ಎನ್ನುವವರ ವಾದವನ್ನು ತಳ್ಳಿಹಾಕುವಂತಿಲ್ಲ. ಬಿಬಿಸಿಯ ಈಗಿನ ರಾಜ ಸನ್ನದು 2027ರ ಕೊನೆಯವರೆಗೆ ಮಾತ್ರ. ಜನರ ಶುಲ್ಕದ ಹಣವನ್ನು ಹಳೆಯ ಹೆಸರೊಂದಕ್ಕೆ ಏಕೆ ಸುರಿಯಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಇದರ ಚೌಕಟ್ಟಿನಲ್ಲಿ ಇನ್ನೂ ಹೊಸ ಕಥೆಗಳಿಗೆ ಜಾಗವಿದೆ. 2018ರ ನವೆಂಬರ್‌ನಲ್ಲಿ ವಿನಯ್ ಪಟೇಲ್ ಬರೆದ ಒಂದು ಕಂತು ಡಾಕ್ಟರನನ್ನು 1947ರ ಆಗಸ್ಟಿನ ಪಂಜಾಬಿಗೆ ಕರೆದೊಯ್ಯಿತು. ಸಹಯಾತ್ರಿ ಯುವತಿಯ ಅಜ್ಜಿಯ ಮದುವೆ, ನಡುವೆ ಎಳೆದ ಗಡಿ, ಅಣ್ಣತಮ್ಮಂದಿರ ವೈರ. ದೇಶ ವಿಭಜನೆಯ ದುಃಖವನ್ನು ಬ್ರಿಟಿಷ್ ಮಕ್ಕಳ ಮುಂದೆ ಇಟ್ಟದ್ದು ಯಾವ ಪಠ್ಯಪುಸ್ತಕವೂ ಅಲ್ಲ, ಭಾನುವಾರ ಸಂಜೆಯ ಒಂದು ವಿಜ್ಞಾನ ಧಾರಾವಾಹಿ. ನ್ಯೂಮನ್ ಬಯಸಿದ್ದ ಚರಿತ್ರೆಯ ಪಾಠ 55 ವರ್ಷಗಳ ನಂತರವೂ ಕೆಲಸ ಮಾಡಿತು.

ಆದ್ದರಿಂದ ಬರಲಿ. ಆದರೆ ಬೇಗ ಬರಬೇಕೆಂಬ ಅವಸರ ಬೇಡ. ಹದಿನಾರು ವರ್ಷದ ವನವಾಸ ಅದನ್ನು ಕೊಲ್ಲಲಿಲ್ಲ, ಮುಂದಿನ ಬರಹಗಾರರನ್ನು ತಯಾರು ಮಾಡಿತು. ಎರಡು ಮೂರು ವರ್ಷ ತೆರೆ ಖಾಲಿಯಿದ್ದರೆ ನಷ್ಟವೇನಿಲ್ಲ. ಹಣ ಕಡಿಮೆಯಾದರೂ ಚಿಂತೆಯಿಲ್ಲ. ಮರದ ಪೆಟ್ಟಿಗೆಯೊಂದನ್ನು ನೌಕೆ ಮಾಡಿಕೊಂಡು ಹೊರಟದ್ದಲ್ಲವೇ ಅದು? ಬರುವಾಗ ಹಳೆಯ ಅಭಿಮಾನಿಗಳನ್ನು ಮೆಚ್ಚಿಸಲು ಹಳೆಯ ಖಳರ ಪಟ್ಟಿ ತರುವುದು ಬೇಡ. ಅಭಿಮಾನಿಗಳು ಹೇಗೂ ಬರುತ್ತಾರೆ; ಅಳಿಸಿಹೋದ ಕಂತುಗಳ ಧ್ವನಿಯನ್ನೇ ಕಾದಿಟ್ಟ ಜನ ಅವರು. ಡಾಕ್ಟರ್ ಯಾರೆಂದೇ ಗೊತ್ತಿಲ್ಲದ ಮಗುವೊಂದು ಅಪ್ಪ ಅಮ್ಮನ ನಡುವೆ ಕುಳಿತು ಆ ಪ್ರಶ್ನೆಯನ್ನು ಮೊದಲ ಸಲ ಕೇಳುವಂತಾದರೆ ಧಾರಾವಾಹಿ ನಿಜವಾಗಿ ಮರಳಿ ಬಂದಂತೆ.